ಜೊತೆಗೆ ಬಂದವರು ಯಾರು

ಆ ಮನೆಯಲ್ಲಿ ಆರು ಜನ, ಒಂದೇ ಕಕ್ಕಸು. ಹಾಗಾಗಿ ರಕ್ತದ ಗುರುತು ಕಂಡಾಗ ಅದು ಯಾರದು ಅನ್ನುವುದೇ ಮೊದಲ ಪ್ರಶ್ನೆಯಾಯಿತು. ಕಂಡವಳು ಸೊಸೆ. ಭಾನುವಾರ ಕಕ್ಕಸು ತೊಳೆಯುವ ಸರದಿ ಅವಳದು. ಸರದಿ ಅನ್ನುವುದು ಮಾತಿಗೆ, ಎಲ್ಲಾ ಭಾನುವಾರವೂ ಅವಳದೇ. ಬ್ರಷ್ಷು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದಳು.

"ಅತ್ತೆ, ಒಳಗೆ ರಕ್ತ ಬಿದ್ದಿದೆ. ಯಾರ್ದು?"

"ನಿಮ್ಮ ಮಾವಂದಿರಬೇಕು."

"ನಂದಲ್ಲ," ಅಂದರು ಅಪ್ಪ ಹೊರಗಿನ ಕೋಣೆಯಿಂದ. ಮೂವತ್ತು ವರ್ಷ ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸಿದವರು ಅವರು. ಈಗ ಕೂತ ಕುರ್ಚಿಯಿಂದಲೇ ಇಡೀ ಮನೆಯನ್ನು ಮೇಲೆ ಕೆಳಗೆ ಓಡಿಸುತ್ತಾರೆ. "ನಂದಾಗಿದ್ರೆ ನಾನೇ ಹೇಳ್ತಿದ್ನಲ್ಲ."

ಅದು ನಿಜ. ಅಪ್ಪನಿಗೆ ಬೆರಳಿಗೆ ಮುಳ್ಳು ಚುಚ್ಚಿದರೂ ಬೀದಿಗೆಲ್ಲ ಗೊತ್ತಾಗುತ್ತದೆ. ಸೊಸೆ ಅತ್ತೆಯ ಮುಖ ನೋಡಿದಳು. ಅಮ್ಮ ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಕೆಳಗಿಟ್ಟಳು.

"ಎಷ್ಟು ದಿನದಿಂದ ಅತ್ತೆ?"

"ಎರಡು ತಿಂಗಳಾಯ್ತೇನೋ. ಬರುತ್ತೆ, ಹೋಗುತ್ತೆ. ನೀನು ಮೊದಲು ಆ ಬ್ರಷ್ ಆಚೆ ತಗೊಂಡು ಹೋಗು, ಅಡುಗೆ ಮನೆ ಇದು."

ಅಮ್ಮ ಶಾಲೆಯೊಂದರ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಇನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು. ಕೆಲಸ ಬಿಟ್ಟು ಮೂರು ವರ್ಷವಾದರೂ ಮನೆಯ ಆರು ಜನಕ್ಕೆ ಅಳತೆ ತಪ್ಪಿ ಹತ್ತು ಜನಕ್ಕಾಗುವಷ್ಟು ಬೇಯಿಸುತ್ತಿದ್ದಳು, ಉಳಿದದ್ದನ್ನು ವ್ಯರ್ಥ ಮಾಡಬಾರದೆಂದು ಮಾರನೇ ದಿನ ತಾನೇ ತಿನ್ನುತ್ತಿದ್ದಳು. ಕುದಿಯುವ ಪಾತ್ರೆ ಇಳಿಸಲು ಅವಳಿಗೆ ಬಟ್ಟೆ ಬೇಡ, ಇಕ್ಕಳ ಬೇಡ. ಅಮ್ಮನ ಕೈಗೆ ಬಿಸಿ ತಾಗುವುದಿಲ್ಲ ಅನ್ನುವುದು ಮನೆಯ ಹಳೇ ತಮಾಷೆ. ಬಂದ ನೆಂಟರಿಗೆಲ್ಲ ಮಗ ಇದನ್ನು ಹೇಳಿ ತೋರಿಸುತ್ತಿದ್ದ.

ಆ ವಾರ ತೋರಿಸಲು ಹೋದಾಗ ಆಸ್ಪತ್ರೆಯ ಡಾಕ್ಟರು ಅಮ್ಮನ ಹೊಟ್ಟೆ ಒತ್ತಿ ನೋಡಿ, ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕು ಅಂದರು. ರಕ್ತ ಎಲ್ಲಿಂದ ಬರುತ್ತಿದೆ ಅಂತ ಕಣ್ಣಲ್ಲಿ ಕಾಣದೆ ಏನೂ ಹೇಳಲಾರೆ, ಈ ವಯಸ್ಸಿನಲ್ಲಿ ತಡ ಮಾಡುವುದೂ ಒಳ್ಳೆಯದಲ್ಲ ಅಂದರು. ಒಂದು ಶುಕ್ರವಾರದ ದಿನಾಂಕ ಬರೆದು ಎರಡು ಹಾಳೆ ಕೈಗಿತ್ತರು. ರಾತ್ರಿ ಊಟಕ್ಕೆ ಕೂತಾಗ ಅದನ್ನು ಓದುವ ಕೆಲಸ ಹತ್ತು ವರ್ಷದ ಮೊಮ್ಮಗಳು ಪುಟ್ಟಿಗೆ ಬಂತು. ಶಾಲೆಯಲ್ಲಿ ಪಾಠ ಓದುವ ಧಾಟಿಯಲ್ಲೇ ಓದಿದಳು.

"ಮೆತ್ತನೆಯ ಉದ್ದ ಕೊಳವೆಯನ್ನು ಗುದದ್ವಾರದ ಮೂಲಕ..."

"ಊಟದ ಹೊತ್ತಲ್ಲಿ ಇದೆಲ್ಲ ಬೇಕಾ?" ಅಂದರು ಅಪ್ಪ.

"ಮುಂದಿನದು ಓದು," ಅಂದಳು ಸೊಸೆ.

"ನೋವು ತಿಳಿಯದಿರಲು ಮತ್ತು ಮಂಪರು ಬರಲು ಕೈಯ ನರದಲ್ಲಿ ಔಷಧಿ ಕೊಡಲಾಗುವುದು. ಜೊತೆಗೆ ಒಬ್ಬರು ದೊಡ್ಡವರು ಕಡ್ಡಾಯವಾಗಿ ಬಂದು, ಕಾದಿದ್ದು, ರೋಗಿಯನ್ನು ಮನೆಗೆ ಕರೆದೊಯ್ಯಬೇಕು. ಆಮೇಲೆ ಇಪ್ಪತ್ನಾಲ್ಕು ಗಂಟೆ ರೋಗಿ ಒಲೆ ಹಚ್ಚಬಾರದು, ಚಾಕು ಹಿಡಿಯಬಾರದು, ವಾಹನ ಓಡಿಸಬಾರದು, ಯಾವ ಕಾಗದಕ್ಕೂ ಸಹಿ ಹಾಕಬಾರದು. ಒಬ್ಬರು ಜೊತೆಗಿರಬೇಕು."

ಎಲ್ಲರೂ ಮನಸ್ಸಿನಲ್ಲೇ ರಜಾ ಲೆಕ್ಕ ಹಾಕಿದರು. ಇಡೀ ಒಂದು ದಿನ, ಮಾರನೇ ದಿನದ ಅರ್ಧ.

"ನನಗೆ ಈ ತಿಂಗಳು ರಜಾ ಇಲ್ಲ," ಅಂದ ಮಗ. ಅವನು ಬಸ್ ಡ್ರೈವರ್. "ಇಬ್ಬರು ಹುಷಾರಿಲ್ಲದೆ ಮಲಗಿದಾರೆ, ಅವರ ಟ್ರಿಪ್ಪೂ ನಾನೇ ಹೊಡೀತಿದೀನಿ."

"ನನ್ನ ಅಂಗಡೀಲಿ ಶುಕ್ರವಾರಾನೇ ಜಾಸ್ತಿ ಜನ," ಅಂದಳು ಮಗಳು. ಅವಳು ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. "ಎದ್ದು ಹೋದ್ರೆ ನನ್ನ ಗಿರಾಕಿಗಳನ್ನ ಪಕ್ಕದ ಕುರ್ಚಿಯವಳು ಹಾರಿಸ್ಕೊಂಡು ಹೋಗ್ತಾಳೆ. ಅತ್ತಿಗೆಗೆ ಹೇಳು."

"ಅತ್ತಿಗೆಗೆ ಯಾಕೆ ಹೇಳ್ಬೇಕು?" ಸೊಸೆ ತಟ್ಟೆ ಸರಿಸಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. "ಹೋದ ತಿಂಗಳು ಪುಟ್ಟಿ ಜ್ವರಕ್ಕೆ ರಜಾ ಹಾಕಿದ್ದು ಯಾರು? ಗ್ಯಾಸಿನವನು ಬರ್ತಾನೆ ಅಂತ ಅರ್ಧ ದಿನ ಕಾದಿದ್ದು ಯಾರು? ಅವರು ಹೆತ್ತಿರೋದು ನಿಮ್ಮಿಬ್ಬರನ್ನ."

"ಬಂತು ನೋಡು ಹೆತ್ತ ಮಾತು," ಅಂದ ಮಗ.

"ನಾನು ಹೋಗ್ತೀನಿ ಬಿಡಿ," ಅಂದರು ಅಪ್ಪ.

"ನಿಮ್ಮನ್ನ ಕರ್ಕೊಂಡು ಹೋಗೋಕೇ ಒಬ್ಬರು ಬೇಕು ಅಪ್ಪಾ," ಅಂದಳು ಮಗಳು. ಅಪ್ಪ ಮುಖ ದಪ್ಪ ಮಾಡಿಕೊಂಡರು, ಆದರೆ ಎರಡನೇ ಸಲ ಕೇಳಲಿಲ್ಲ.

ಅಮ್ಮ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಹೋದಳು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಯಾರು ಯಾವ ಕೆಲಸ ಒಪ್ಪಿಕೊಂಡರೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನಾಂಕದ ಸುತ್ತ ಒಂದು ಸುತ್ತು ಹಾಕುವುದು. ಸುತ್ತು ಬಿತ್ತೆಂದರೆ ಆ ಕೆಲಸದ ಮಾತು ಮುಗಿಯಿತು, ಮತ್ತೆ ಯಾರೂ ಯಾರನ್ನೂ ಪೀಡಿಸುವಂತಿಲ್ಲ. ಮೂರು ದಿನದ ಮೇಲೆ ಬೆಳಗ್ಗೆ ನೋಡಿದರೆ ಆ ಶುಕ್ರವಾರದ ಸುತ್ತ ಕೆಂಪು ಸುತ್ತು ಬಿದ್ದಿತ್ತು. ಮಗ ನೋಡಿ, ಹೆಂಡತಿ ಒಪ್ಪಿಕೊಂಡಳು ಅಂದುಕೊಂಡ. ಸೊಸೆ ನೋಡಿ, ಸದ್ಯ ನಾದಿನಿಗೆ ಬುದ್ಧಿ ಬಂತು ಅಂದುಕೊಂಡಳು. ಮಗಳು ನೋಡಿ, ಅಣ್ಣ ರಜಾ ಗಿಟ್ಟಿಸಿಕೊಂಡಿದ್ದಾನೆ ಅಂದುಕೊಂಡಳು. ಯಾರೂ ಬಾಯಿ ಬಿಟ್ಟು ಕೇಳಲಿಲ್ಲ, ಯಾಕೆಂದರೆ ಆ ಮನೆಯಲ್ಲಿ ಕೇಳಿದವರ ತಲೆಗೇ ಕೆಲಸ ಕಟ್ಟುತ್ತದೆ. ಕೆಟ್ಟವರೇನಲ್ಲ ಇವರು, ದಣಿದವರು. ದಣಿದವರಿಗೆ ಬೇರೆ ಯಾರೋ ನೋಡಿಕೊಳ್ಳುತ್ತಾರೆ ಅನ್ನುವಷ್ಟು ಹಾಯಾದ ನಂಬಿಕೆ ಬೇರೆ ಇಲ್ಲ.

ಹಿಂದಿನ ಸಂಜೆ ಅಮ್ಮ ಕರುಳು ಖಾಲಿ ಮಾಡಲು ಆಸ್ಪತ್ರೆಯವರು ಕೊಟ್ಟ ಪುಡಿ ಕಲಸಿದ ನೀರನ್ನು ಲೋಟ ಲೋಟ ಕುಡಿದಳು. ಕುಡಿಯುತ್ತಲೇ ಎಲ್ಲರಿಗೂ ಅಡುಗೆ ಮಾಡಿದಳು, ನಡುವೆ ನಡುವೆ ಕಕ್ಕಸಿಗೆ ಓಡಿದಳು. ಕೈ ತೊಳೆದುಕೊಂಡು ಬಂದು ಮತ್ತೆ ಬೇಳೆ ತಿರುವಿದಳು. ಅವಳು ಏನೂ ತಿನ್ನುವಂತಿಲ್ಲವೆಂಬುದು ಬಡಿಸಿದ ಮೇಲೆಯೇ ಉಳಿದವರ ನೆನಪಿಗೆ ಬಂದದ್ದು. ಬೆಳಗ್ಗೆ ಉಳಿದರ್ಧ ನೀರು ಕುಡಿದು ಒಳಗೆ ಕೂತಿದ್ದಾಗ ಒಬ್ಬೊಬ್ಬರೇ ಕಕ್ಕಸಿನ ಬಾಗಿಲ ಮುಂದೆ ನಿಂತು ಹೇಳಿ ಹೊರಟರು. "ಹುಷಾರಮ್ಮಾ!" ಅಂದ ಮಗ, ಐದು ಗಂಟೆಗೆ. "ಹೆದರ್ಬೇಡಮ್ಮ!" ಅಂದಳು ಮಗಳು, ಎಂಟಕ್ಕೆ. "ಬರ್ತೀನಿ ಅತ್ತೆ, ನೀವು ಧೈರ್ಯವಾಗಿರಿ," ಅಂದಳು ಸೊಸೆ, ಪುಟ್ಟಿಯನ್ನು ಎಳೆದುಕೊಂಡು, ಒಂಬತ್ತಕ್ಕೆ. ಒಳಗಿನಿಂದ ಮೂರು ಸಲವೂ "ಹೂಂ" ಅನ್ನುವ ಉತ್ತರ ಬಂತು. ಮೊದಲು ಹೊರಟವರು ಕೆಲಸದ ಕಡೆ ಮುಖ ತೋರಿಸಿ ನೇರ ಆಸ್ಪತ್ರೆಗೆ ಬರುತ್ತಾರೆಂದು ಹಿಂದೆ ಹೊರಟವರ ಲೆಕ್ಕ.

"ಯಾರು ಬರ್ತಾರೆ ನಿನ್ನ ಕರ್ಕೊಂಡು ಹೋಗೋಕೆ?" ಅಂದರು ಅಪ್ಪ.

"ಬರ್ತಾರೆ ರೀ. ನಿಮ್ಮ ಊಟ ಮುಚ್ಚಿಟ್ಟಿದೀನಿ."

ಆಸ್ಪತ್ರೆಯ ಅರ್ಜಿಯಲ್ಲಿ 'ಜೊತೆಗೆ ಬಂದವರು' ಅನ್ನುವ ಸಾಲಿನ ಮುಂದೆ ಅಮ್ಮ ಸೊಸೆಯ ಹೆಸರು, ಫೋನ್ ನಂಬರು ಬರೆದಳು. ಗೌನು ಹಾಕಿಸಿ, ಕೈಗೆ ಸೂಜಿ ಚುಚ್ಚುವ ಹೊತ್ತಿಗೆ ನರ್ಸು ಕೇಳಿದಳು.

"ಎಲ್ಲಮ್ಮಾ ನಿಮ್ಮ ಸೊಸೆ?"

"ಹೊರಗಿದಾಳೆ."

ನರ್ಸು ಹೊರಗೆ ಹೋಗಿ ಎರಡು ಸಲ ಕೂಗಿ ಬಂದಳು. ಅನುಭವಸ್ಥೆ, ನಲವತ್ತು ದಾಟಿದವಳು. ಸಿಟ್ಟು ಮಾಡಲಿಲ್ಲ. "ಯಾರೂ ಬಂದಿಲ್ಲ ಅಲ್ವಾ? ಫೋನ್ ಮಾಡ್ಲಾ?"

"ಬೇಡಮ್ಮ. ಕೆಲಸದಲ್ಲಿರ್ತಾಳೆ, ಯಜಮಾನ ಬೈತಾನೆ."

"ಜೊತೇಲಿ ಯಾರೂ ಇಲ್ದೆ ಮಂಪರಿನ ಇಂಜೆಕ್ಷನ್ ಕೊಡೋ ಹಾಗಿಲ್ಲ. ನೋವಿಂದೂ ಅದರ ಜೊತೆಗೇ ಕೊಡೋದು, ಅದೂ ತಲೆ ತಿರುಗಿಸುತ್ತೆ. ಒಬ್ಬರೇ ಬಸ್ ಹತ್ತಿ ಎಲ್ಲಾದ್ರೂ ಬಿದ್ರೆ? ಇನ್ನೊಂದು ದಿನ ಬನ್ನಿ. ಐದು ವಾರ ಆಗುತ್ತೆ."

"ಇಷ್ಟೆಲ್ಲ ಕುಡಿದು, ಇಷ್ಟೆಲ್ಲ ಹೋಗಿ, ದಂಡ ಮಾಡೋದಾ? ಹಾಗೇ ಮಾಡಿ. ನಾನು ತಡ್ಕೋತೀನಿ."

ಡಾಕ್ಟರೂ ಬಂದು ಕೇಳಿದರು. ಹಾಗೆ ಮಾಡಿಸಿಕೊಳ್ಳುವವರೂ ಇದ್ದಾರೆ, ಕೆಲವರಿಗೆ ಏನೂ ಅನ್ನಿಸುವುದಿಲ್ಲ, ಕೆಲವರಿಗೆ ಕಷ್ಟವಾಗುತ್ತದೆ, ಸಾಕು ಅಂದ ತಕ್ಷಣ ನಿಲ್ಲಿಸುತ್ತೇವೆ ಅಂದರು. ಅಮ್ಮ ತಲೆಯಾಡಿಸಿ ಎಡ ಮಗ್ಗುಲಿಗೆ ಮಲಗಿ ಮೊಣಕಾಲು ಮಡಚಿಕೊಂಡಳು. ಮೊದಮೊದಲು ಬರೀ ಮುಜುಗರ. ಆಮೇಲೆ ಒಳಗೆ ಗಾಳಿ ತುಂಬಿ ಹೊಟ್ಟೆ ಬಿಗಿಯಿತು. ಕೊಳವೆ ತಿರುವಿಗೆ ಬಂದಾಗ ನೋವು ಶುರುವಾಯಿತು. ಹೆರಿಗೆ ನೋವಾದರೂ ಬಂದು ಹೋಗುತ್ತಿತ್ತು, ನಡುವೆ ಉಸಿರಾಡಲು ಬಿಡುತ್ತಿತ್ತು. ಇದು ಬಂದದ್ದು ಹೋಗಲೇ ಇಲ್ಲ. ನರ್ಸು ಹೊಟ್ಟೆ ಒತ್ತಿ ಹಿಡಿದಳು, ಅಂಗಾತ ತಿರುಗಿಸಿದರು, ಮತ್ತೆ ಮಗ್ಗುಲಾಗಿಸಿದರು. ಅಮ್ಮ ಗೋಡೆಯ ಸ್ವಿಚ್ಚನ್ನು ನೋಡುತ್ತಾ ಶಾಲೆಯ ಮಕ್ಕಳಿಗೆ ಬಡಿಸುವ ಹಾಗೆ ಒಂದು, ಎರಡು, ಮೂರು ಅಂತ ಸೌಟು ಎಣಿಸತೊಡಗಿದಳು.

"ಸಾಕಾ ಅಮ್ಮಾ? ನಿಲ್ಲಿಸ್ಬೇಕಾ?"

ಅಮ್ಮ ಅಡ್ಡಡ್ಡ ತಲೆಯಾಡಿಸಿದಳು. ಎಪ್ಪತ್ತರ ಹತ್ತಿರ ಎಣಿಕೆ ತಪ್ಪಿತು. ಮೈಯೆಲ್ಲ ತಣ್ಣಗೆ ಬೆವರಿತು. "ಡಾಕ್ಟ್ರೇ, ನಾಡಿ ಇಳೀತಿದೆ," ಅಂದಳು ನರ್ಸು. ಡಾಕ್ಟರು ಕೊಳವೆಯನ್ನು ಹಿಂದಕ್ಕೆಳೆದುಕೊಂಡರು. ಅರ್ಧ ಕರುಳು ಮಾತ್ರ ನೋಡಿದ್ದಾಗಿತ್ತು. ಆ ಅರ್ಧದಲ್ಲಿ ಏನೂ ಇರಲಿಲ್ಲ.

ಎರಡು ಗಂಟೆ ಮಲಗಿಸಿ, ನಾಡಿ ಸರಿಹೋದ ಮೇಲೆಯೇ ಕಳಿಸಿದರು. ಅಮ್ಮ ಬಸ್ಸಿನಲ್ಲಿ ಸೀಟಿನ ಅಂಚಿಗೆ ಕೂತು ಮನೆಗೆ ಬಂದಳು. ಬಂದು ಅಕ್ಕಿ ತೊಳೆದಳು.

ರಾತ್ರಿ ಊಟಕ್ಕೆ ಕೂತಾಗ ಮಗಳು ಕೇಳಿದಳು. "ಅತ್ತಿಗೆ, ಅಮ್ಮಂಗೆ ಮಂಪರು ಎಷ್ಟೊತ್ತಿಗೆ ಇಳೀತು?"

"ನನ್ನ ಕೇಳಿದ್ರೆ? ನೀನಲ್ವಾ ಹೋಗಿದ್ದು?"

"ನಾನಾ? ಅಣ್ಣ ಅಲ್ವಾ?"

"ನಾನು ಬೆಳಗ್ಗೆಯಿಂದ ಸ್ಟೇರಿಂಗ್ ಬಿಟ್ಟಿಲ್ಲ," ಅಂದ ಮಗ. ಮೂರೂ ಜನ ಕ್ಯಾಲೆಂಡರ್ ಕಡೆ ನೋಡಿದರು. "ಹಾಗಾದ್ರೆ ಈ ಸುತ್ತು ಹಾಕಿದ್ದು ಯಾರು?"

"ನಾನೇ," ಅಂದಳು ಅಮ್ಮ. "ದಿನಾ ಅದೇ ಜಗಳ ಕೇಳಿ ಕೇಳಿ ಸಾಕಾಗಿತ್ತು."

"ಮತ್ತೆ ಮಂಪರು?"

"ಕೊಡ್ಲಿಲ್ಲ. ಒಬ್ಬಳೇ ಹೋದ್ರೆ ಕೊಡಲ್ವಂತೆ."

ತಪ್ಪು ಮೂವರದೂ ಆದಾಗ ಸಿಟ್ಟು ಎಲ್ಲಿಗಾದರೂ ಹೋಗಲೇಬೇಕಲ್ಲ. ಮಗ ಎದ್ದು ಹೋಗಿ ಆಸ್ಪತ್ರೆಯ ಕಾಗದ ತಂದು ದೀಪದ ಕೆಳಗೆ ಹಿಡಿದು ಓದಿದ. "ಪರೀಕ್ಷೆ ಅಪೂರ್ಣ. ರೋಗಿ ನೋವು ತಾಳಲಿಲ್ಲ. ಐದು ವಾರದ ನಂತರ ಮತ್ತೆ ಬರುವುದು." ಕಾಗದ ಕೆಳಗಿಟ್ಟ. "ಅಲ್ಲಮ್ಮಾ, ಅಷ್ಟು ದೂರ ಹೋದೋಳು ಇನ್ನೊಂಚೂರು ತಡ್ಕೊಂಡಿದ್ರೆ ಒಂದೇ ಸಲಕ್ಕೆ ಮುಗ್ದು ಹೋಗ್ತಿತ್ತಲ್ಲ?"

ಆಡಿದ ಮೇಲೆ ಅವನಿಗೇ ಅನ್ನಿಸಿರಬೇಕು. ಆದರೆ ಆಡಿದ್ದು ಆಡಿ ಆಗಿತ್ತು. ಅಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ನನ್ನನ್ನು ಕೇಳಿದರೆ, ಆ ಹೊತ್ತಿಗೆ ಅವಳು ತಟ್ಟೆ ಎತ್ತಿ ಎಸೆಯಬೇಕಿತ್ತು.

ಮಾರನೇ ದಿನ ಅಮ್ಮ ಒಲೆಯ ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಇಳಿಸಿದಳು. ಅಟ್ಟದ ಡಬ್ಬಿಯಲ್ಲಿ ಬಿದ್ದಿದ್ದ, ಯಾರೂ ಮುಟ್ಟದ ಇಕ್ಕಳ ಅದು.

"ಇದೇನೇ ಹೊಸದಾಗಿ?" ಅಂದರು ಅಪ್ಪ.

"ನನಗೆ ತಾಳೋಕಾಗಲ್ವಂತೆ. ಬರೆದೇ ಕೊಟ್ಟಿದಾರೆ."

ಅಲ್ಲಿಂದ ದಿನಾ ಇಕ್ಕಳ. ಹಾಲಿನ ಪಾತ್ರೆಗೂ ಇಕ್ಕಳ, ಬೆಚ್ಚಗಿನ ಲೋಟಕ್ಕೂ ಇಕ್ಕಳ. ಮಗ ಅಡುಗೆಮನೆಗೆ ಬಂದಾಗ ಇಕ್ಕಳ ಸ್ವಲ್ಪ ಜಾಸ್ತಿಯೇ ಸದ್ದು ಮಾಡುತ್ತಿತ್ತು. ರಕ್ತ ನಿಂತಿರಲಿಲ್ಲ. ಸೊಸೆ ಪ್ರತಿ ಭಾನುವಾರ ನೋಡುತ್ತಿದ್ದಳು, ನೋಡಿ ತೊಳೆಯುತ್ತಿದ್ದಳು. ಅಮ್ಮ ಮೆಟ್ಟಿಲ ನಡುವೆ ನಿಂತು ಸುಧಾರಿಸಿಕೊಂಡು ಹತ್ತುವಂತಾದಳು, ಮುಖ ಬಿಳಿಚಿಕೊಂಡಿತು. ಎರಡನೇ ದಿನಾಂಕ ಹತ್ತಿರ ಬಂದಾಗ ಒಂದೇ ಮಾತು ಹೇಳಿದಳು.

"ನಾನು ಹೋಗಲ್ಲ."

"ಯಾಕಮ್ಮಾ?" ಅಂದಳು ಮಗಳು.

"ತಾಳಲಾಗದೋಳು ಯಾಕೆ ಹೋಗಿ ಅವರ ಹೊತ್ತು ಹಾಳು ಮಾಡ್ಲಿ?"

ಮಗ ಬೇಡಿಕೊಂಡ, ಆಮೇಲೆ ಗದರಿದ. ಅಪ್ಪ ಊಟ ಬಿಡುತ್ತೇನೆ ಅಂದರು, ಒಂದು ಹೊತ್ತು ಬಿಟ್ಟೂ ನೋಡಿದರು. ಅಮ್ಮ ಯಾವುದನ್ನೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಒಂದು ಸಂಜೆ ಕೆಲಸದಿಂದ ಬಂದ ಸೊಸೆ ಚೀಲ ಇಳಿಸದೆ ನೇರ ಕ್ಯಾಲೆಂಡರಿನ ಹತ್ತಿರ ಹೋಗಿ, ಆ ದಿನಕ್ಕೆ ಸುತ್ತು ಹಾಕಿ, ಕೆಳಗೆ 'ನಾನು' ಅಂತ ಬರೆದಳು.

"ನಾನು ಅಂದ್ರೆ ಯಾರು?" ಅಂದಳು ಪುಟ್ಟಿ.

ಸೊಸೆ ಅದನ್ನು ಹೊಡೆದು ತನ್ನ ಹೆಸರನ್ನೇ ದಪ್ಪಗೆ ಬರೆದಳು. ಪಕ್ಕದ ದಿನಕ್ಕೂ ಬರೆದಳು.

"ಯಾರು ಹೇಳಿದ್ರು ನಿನಗೆ ಬರಿ ಅಂತ?" ಅಂದಳು ಅಮ್ಮ. "ಬರಲ್ಲ ಅಂದೆನಲ್ಲ."

"ರಜಾ ಹಾಕಿ ಆಯ್ತು ಅತ್ತೆ. ಎರಡು ದಿನ. ಯಜಮಾನನ ಹತ್ರ ಬೈಸ್ಕೊಂಡೂ ಆಯ್ತು."

"ವಾಪಸ್ ತಗೋ."

"ಕೊಡಲ್ಲ ಅವನು. ನೀವು ಬರ್ದಿದ್ರೆ ಬೇಡ. ನಾನೊಬ್ಬಳೇ ಹೋಗಿ ಆ ಬೆಂಚಿನ ಮೇಲೆ ಸಂಜೆ ತನಕ ಕೂತು ಬರ್ತೀನಿ."

"ಎರಡು ದಿನದ ರಜಾ ದಂಡ ಮಾಡ್ತೀಯಾ?"

"ದಂಡ ಮಾಡೋದು ನಾನೋ ನೀವೋ?"

ಅಮ್ಮ ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟಳು. ಮಿಕ್ಕ ಅನ್ನದ ಒಂದು ಅಗುಳನ್ನೂ ಎಸೆಯದವಳಿಗೆ ಎರಡು ಇಡೀ ದಿನ ಎಸೆಯುವುದು ಹೇಗೆ ಸಾಧ್ಯ? "ಪುಡಿಗೆ ಈ ಸಲ ನಿಂಬೆ ಹಣ್ಣಿನ ರಸ ಹಿಂಡಬಹುದಾ ಕೇಳು," ಅಂದಳು.

ಈ ಸಲ ಸಂಜೆಯಿಂದ ಕಕ್ಕಸು ಅಮ್ಮನದು. ಮಗ ಡಿಪೋದಲ್ಲಿ ಮುಗಿಸಿಕೊಂಡ, ಅಪ್ಪ ಪಕ್ಕದ ಮನೆಗೆ ಹೋಗಿ ಅರ್ಧ ಗಂಟೆ ಕೂತು ಆ ಮನೆಯವರ ಮುಖ ಕೆಡಿಸಿ ಬಂದರು. ಅಡುಗೆ ಸೊಸೆಯದು. ಅಮ್ಮ ಕುರ್ಚಿಯಲ್ಲಿ ಕೂತು ಲೋಟ ಹಿಡಿದು, "ಉಪ್ಪು ಜಾಸ್ತಿ ಹಾಕ್ದೆ," "ಉರಿ ಸಣ್ಣ ಮಾಡು," ಅನ್ನುತ್ತಿದ್ದಳು. ಸೊಸೆ ಮೂಗು ಮುರಿದರೂ ಉರಿ ಸಣ್ಣ ಮಾಡಿದಳು.

ಆಸ್ಪತ್ರೆಯಲ್ಲಿ ಅದೇ ನರ್ಸು. ಅಮ್ಮನ ಮೂಗಿಗೆ ಆಮ್ಲಜನಕದ ನಳಿಕೆ ಇಟ್ಟು, ಬೆರಳಿಗೆ ಕ್ಲಿಪ್ ಸಿಕ್ಕಿಸಿ, ಇಂಜೆಕ್ಷನ್ನಿಗೆ ಅಣಿ ಮಾಡಿ, ಸಹಿ ಪಡೆಯಲು ಹೊರಗೆ ಬಂದಳು.

"ನೀವೇನಾ ಸೊಸೆ? ಹೋದ ಸಲ ನಿಮ್ಮ ಹೆಸರು ಬರೆದಿದ್ರು."

ಸೊಸೆ ತಲೆ ತಗ್ಗಿಸಿದಳು.

"ಗಟ್ಟಿ ಹೆಂಗಸು. ಒಂದು ಸಲಾನೂ ಸಾಕು ಅನ್ಲಿಲ್ಲ. ಕೇಳಿದಾಗ್ಲೂ ತಲೆ ಅಲ್ಲಾಡಿಸಿದ್ರು. ನಾಡಿ ಇಳೀತು ಅಂತ ನಾವೇ ನಿಲ್ಲಿಸಿದ್ದು."

"ಕಾಗದದಲ್ಲಿ ತಾಳಲಿಲ್ಲ ಅಂತ ಇತ್ತಲ್ಲ?"

"ಅದು ಹಾಗೇ ಬರೆಯೋದು," ಅಂದಳು ನರ್ಸು, ಬೇಸರದಿಂದ. ದಿನಕ್ಕೆ ಹನ್ನೆರಡು ಕಾಗದ ಬರೆಯುವವರ ಬೇಸರ ಅದು.

ಸೊಸೆ ಬೆಂಚಿಗೆ ಬಂದು ಕೂತು ಅತ್ತಳು. ಅತ್ತೆಯ ಮೇಲೆ ಅವಳಿಗೆ ಹನ್ನೆರಡು ವರ್ಷದ ಸಣ್ಣಪುಟ್ಟ ಸಿಟ್ಟು ಎಷ್ಟೋ ಇತ್ತು. ಅದೆಲ್ಲ ಹಾಗೇ ಇದ್ದುಕೊಂಡೇ ಅಳು ಬಂತು.

ಮುಕ್ಕಾಲು ಗಂಟೆಯ ಮೇಲೆ ಒಳಗೆ ಕರೆದಾಗ ಅಮ್ಮ ಕಣ್ಣು ಬಿಟ್ಟಿದ್ದಳು. "ಇನ್ನೂ ಶುರು ಮಾಡಿಲ್ವಾ?" ಅಂದಳು.

"ಮುಗೀತು ಅತ್ತೆ."

"ನೋವೇ ಆಗಲಿಲ್ಲವಲ್ಲೇ," ಅಂದಳು ಅಮ್ಮ. ಆ ಮುಖದಲ್ಲಿದ್ದ ಆಶ್ಚರ್ಯ ನೋಡಲಾರದೆ ಸೊಸೆ ಹೊದಿಕೆ ಸರಿಪಡಿಸಿದಳು.

ಹೋದ ಸಲ ಮುಟ್ಟಲಾಗದ ತಿರುವಿನ ಆಚೆ ಹೆಬ್ಬೆಟ್ಟಿನ ಗಾತ್ರದ ಗಂಟು ಇತ್ತು, ಕತ್ತರಿಸಿ ತೆಗೆದಿದ್ದೇವೆ ಅಂದರು ಡಾಕ್ಟರು. ಬಿಟ್ಟಿದ್ದರೆ ಕೆಲವು ವರ್ಷಕ್ಕೆ ಕೆಟ್ಟದ್ದಾಗಬಹುದಿತ್ತು ಅಂದರು. ಹತ್ತು ದಿನದ ಮೇಲೆ ಬಂದ ಪರೀಕ್ಷೆಯ ವರದಿಯಲ್ಲೂ ಕೆಟ್ಟದ್ದೇನೂ ಇರಲಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಟ್ಯಾಕ್ಸಿಯಲ್ಲಿ ಅಮ್ಮ, "ಅನ್ನಕ್ಕೆ ಇಟ್ಟಿದಾರಾ?" ಅಂತ ಮೂರು ಸಲ ಕೇಳಿದಳು. ಮೂರು ಸಲವೂ ಸೊಸೆ, "ಇಟ್ಟಿದಾರೆ," ಅಂದಳು.

ಇಟ್ಟಿದ್ದರು, ತಳ ಹಿಡಿಸಿಯೂ ಇದ್ದರು. ಆ ರಾತ್ರಿ ಮಗ ತಳ ಸೀದ ಪಾತ್ರೆ ಉಜ್ಜುತ್ತಾ ಕೂತಿದ್ದಾಗ ಪುಟ್ಟಿ ಹೊಸ ಕಾಗದ ಓದಿದಳು. "ಪರೀಕ್ಷೆ ಪೂರ್ಣ. ರೋಗಿ ಚೆನ್ನಾಗಿ ತಾಳಿಕೊಂಡರು."

"ಯಾರು?" ಅಂದಳು ಅಮ್ಮ ಹಾಸಿಗೆಯಿಂದ.

"ನೀನೇ ಅಜ್ಜಿ."

"ನಾನು ನಿದ್ದೇಲಿದ್ದೆ ಕಣೇ! ತಾಳಿದ ದಿನ ತಾಳಲಿಲ್ಲ ಅಂತ ಬರೆದ್ರು. ನಿದ್ದೆ ಹೊಡೆದ ದಿನ ತಾಳಿದ್ಲು ಅಂತ ಬರೆದಿದಾರೆ." ಅವಳಿಗೆ ನಗು ಬಂತು. ನಕ್ಕು ಹೊಟ್ಟೆ ಹಿಡಿದುಕೊಂಡಳು.

ಆಗ ಸೊಸೆ ನರ್ಸು ಹೇಳಿದ್ದನ್ನು ಹೇಳಿದಳು. ಒಂದು ಸಲವೂ ಸಾಕು ಅನ್ನಲಿಲ್ಲವಂತೆ, ನಾಡಿ ಇಳಿದು ಅವರೇ ನಿಲ್ಲಿಸಿದ್ದಂತೆ. ಮಗನ ಕೈ ಪಾತ್ರೆಯ ಮೇಲೆ ನಿಂತಿತು. ಪಾತ್ರೆಯನ್ನು ತಿರುಗಿಸಿ ಇನ್ನೊಂದು ಕಡೆಯೂ ಉಜ್ಜಿದ.

ಮಾರನೇ ದಿನ ಹನ್ನೊಂದೂವರೆ ಹೊಡೆಯಿತು. ಅಪ್ಪ ಗಡಿಯಾರ ನೋಡಿ ಗಂಟಲು ಸರಿಮಾಡಿಕೊಂಡರು. ಇಂಥ ಲೆಕ್ಕದಲ್ಲಿ ಅವರು ಒಂದು ನಿಮಿಷ ತಪ್ಪುವವರಲ್ಲ.

"ಇಪ್ಪತ್ನಾಲ್ಕು ಗಂಟೆ ಆಯ್ತಲ್ಲ? ನಿಮ್ಮತ್ತೆ ಒಂಚೂರು ಟೀ ಇಡ್ತಾಳೇನೋ ನೋಡು. ನಿನ್ನೆಯಿಂದ ಬಾಯಿಗೆ ರುಚಿಯೇ ಇಲ್ಲ."

ಅಮ್ಮ ಆಗಲೇ ಒಂದು ಕಾಲು ಕೆಳಗಿಟ್ಟಿದ್ದಳು.

"ಇಪ್ಪತ್ನಾಲ್ಕಲ್ಲ ಮಾವ," ಅಂದಳು ಸೊಸೆ ಅಡುಗೆಮನೆ ಬಾಗಿಲಲ್ಲಿ ನಿಂತು. "ಗಂಟು ತೆಗೆದಿದಾರಲ್ಲ, ನಲವತ್ತೆಂಟು ಅಂದಿದಾರೆ. ನಾಳೆ ಇಷ್ಟೊತ್ತಿನ ತನಕ ಒಲೆ ಹತ್ರ ಹೋಗೋ ಹಾಗಿಲ್ಲ."

"ಹಾಗೇನಾ? ನೀನೇನೂ ಹೇಳ್ಲಿಲ್ವಲ್ಲೇ," ಅಂದರು ಅಪ್ಪ ಅಮ್ಮನ ಕಡೆ ತಿರುಗಿ.

ಸೊಸೆಗೆ ಅತ್ತೆಯ ಮುಖ ನೋಡುವ ಧೈರ್ಯವಾಗಲಿಲ್ಲ. ಅಮ್ಮ ಆ ಕಾಗದವನ್ನು ಬೆಳಗ್ಗೆ ತಾನೇ ಎರಡು ಸಲ ಓದಿದ್ದಳು. ಅದರಲ್ಲಿ ಇಪ್ಪತ್ನಾಲ್ಕು ಅಂತ ದಪ್ಪ ಅಕ್ಷರದಲ್ಲಿತ್ತು.

"ಹೌದು ರೀ, ನಲವತ್ತೆಂಟು," ಅಂದಳು ಅಮ್ಮ. ಕಾಲು ಮೇಲೆಳೆದುಕೊಂಡು ಮಲಗಿದಳು, ದಿಂಬಿನ ಕೆಳಗಿನಿಂದ ಇಣುಕುತ್ತಿದ್ದ ಕಾಗದವನ್ನು ಇನ್ನೊಂದು ಚೂರು ಒಳಕ್ಕೆ ತಳ್ಳಿದಳು.